ಇಬ್ಬರೂ ಹೂಂ ಅಂದಮೇಲೆ

"ಅಮ್ಮಾ, ಹಾಲು ಹೊತ್ತಿ ಮನೆಯೆಲ್ಲಾ ಸೀದ ವಾಸನೆ! ಒಲೆ ಪಕ್ಕದಲ್ಲೇ ಕೂತಿದ್ದೀಯಲ್ಲ!"

ಮಗಳು ಅಂಗಳದಿಂದ ಓಡಿಬಂದು ಒಲೆ ಆರಿಸಿದಳು. ಅಲ್ಲೇ ಕೂತಿದ್ದ ಯಜಮಾನ ಬೆಚ್ಚಿದ. ಹೆಂಡತಿ ಪಾತ್ರೆಯನ್ನು ನೋಡಲಿಲ್ಲ, ಅವನ ಮುಖವನ್ನೇ ನೋಡಿದಳು.

"ಬಟ್ಟೆ ಮಡಚ್ತಾ ಮೈಮರೆತೆ," ಎಂದಳು.

ಸುಳ್ಳು ಎಂದುಕೊಂಡ ಅವನು. ಇವಳಿಗೆ ಅನುಮಾನ ಬಂದಿದೆ. ಬೇಕೆಂದೇ ಹಾಲು ಹೊತ್ತಲು ಬಿಟ್ಟು ತನ್ನನ್ನು ಪರೀಕ್ಷಿಸಿದ್ದಾಳೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇವನು ಮೂಗು ಮುಟ್ಟಿಕೊಂಡ.

ಆ ಮೂಗಿಗೆ ಸುತ್ತಮುತ್ತ ದೊಡ್ಡ ಹೆಸರಿತ್ತು. ಪೀಪಾಯಿಯ ಬಿರಡೆ ತೆಗೆದರೆ ಸಾಕು, ಒಳಗಿನ ವೈನ್ ಬಾಳುತ್ತದೋ ಕೆಡುತ್ತದೋ ಹೇಳಿಬಿಡುತ್ತಿದ್ದ. ಕೆಲವು ವರ್ಷಗಳ ಹಿಂದೆ ಗಂಡ ಹೆಂಡತಿ ಇಬ್ಬರೂ ಕೆಟ್ಟ ಜ್ವರದಲ್ಲಿ ಮಲಗಿದರು. ಅವಳು ಮೊದಲು ಎದ್ದು ಗಂಜಿ ಕಾಯಿಸಿ ಕೊಟ್ಟಳು. ಅವನಿಗೆ ಗಂಜಿಯ ವಾಸನೆ ಬರಲಿಲ್ಲ. ಆಮೇಲೆ ಯಾವ ವಾಸನೆಯೂ ಬರಲಿಲ್ಲ. ನಾಚಿಕೆಯಿಂದ ಯಾರಿಗೂ ಬಾಯಿ ಬಿಡಲಿಲ್ಲ.

ಅವನನ್ನು ಕಾಪಾಡಿದ್ದು ವೈನ್ ತಯಾರಿಸುವ ಅವರ ಮನೆತನದ ಪದ್ಧತಿ. ನೆಲಮಾಳಿಗೆಯಲ್ಲಿ ಗಂಡ ಹೆಂಡತಿ ಎದುರುಬದುರು ನಿಂತು ಒಟ್ಟಿಗೇ ಗುಟುಕು ಹೀರಬೇಕು. ಒಬ್ಬರ ಮಾತಿಗೆ ಇನ್ನೊಬ್ಬರು ಮರುಳಾಗಬಾರದೆಂದು ಯಾರೂ ಮಾತಾಡುವಂತಿಲ್ಲ. ಇಬ್ಬರೂ ತಲೆಯಾಡಿಸಿದರೆ ಪೀಪಾಯಿ ಪಾಸು. ಅವಳ ಹುಬ್ಬು ಗಂಟಿಕ್ಕಿದರೆ ತಾನೂ ಗಂಟಿಕ್ಕುವುದೆಂದು ಅವನು ಕಣ್ಣು ಮಿಟುಕಿಸದೆ ಕಾಯುತ್ತಿದ್ದ. ಪುಣ್ಯಕ್ಕೆ ಅವಳ ಹುಬ್ಬು ಗಂಟಿಕ್ಕಲೇ ಇಲ್ಲ. ಜ್ವರದ ನಂತರ ಒಂದು ಪೀಪಾಯಿಯನ್ನೂ ಹೊರಗೆ ಚೆಲ್ಲಿರಲಿಲ್ಲ.

"ಈ ವಯಸ್ಸಲ್ಲೂ ಒಬ್ಬರ ಮೇಲಿಂದ ಒಬ್ಬರು ಕಣ್ಣು ಕೀಳಲ್ಲ ನೋಡಿ!" ಎಂದು ಮಗಳು ರೇಗಿಸುತ್ತಿದ್ದಳು.

ಈ ಸಲದ್ದು ಕಡುಕೆಂಪು ವೈನ್, ಮಹಾ ಒರಟು. ನಾಲಿಗೆ ಹಿಡಿಯುವ ಒಗರು, ಗಂಟಲು ಸುಡುವ ಖಾರ. ವರ್ಷಗಟ್ಟಲೆ ಕತ್ತಲಲ್ಲಿ ಮಲಗಿದರಷ್ಟೇ ಮೆತ್ತಗಾಗುವ ಜಾತಿ. ಪಾಸಾದ ಪೀಪಾಯಿಗಳನ್ನೆಲ್ಲ ಒಂದೇ ತೊಟ್ಟಿಯಲ್ಲಿ ಬೆರೆಸುತ್ತಾರೆ. ಮುಗ್ಗಲು ಹಿಡಿದದ್ದು ಒಂದು ನುಸುಳಿದರೂ ಸಾಕು, ಇಡೀ ತೊಟ್ಟಿ ಹಾಳು. ಮೇಲಾಗಿ, ಇದು ಮಗಳ ಹೆಸರು ಹೊತ್ತು ಹೋಗುವ ಮೊದಲ ವೈನ್. ಇದ್ದ ಕೆಲಸ ಬಿಟ್ಟು ಬಂದು ಇದಕ್ಕೇ ನಿಂತಿದ್ದಳು.

"ನೀನೂ ಒಮ್ಮೆ ಮೂಸಿ ನೋಡೇ," ಎಂದ ಯಜಮಾನ.

"ನೀವಿಬ್ಬರೂ ಹೂಂ ಅಂದಮೇಲೆ ನಾನ್ಯಾಕಪ್ಪಾ ಮೂಸಲಿ?" ಎಂದು ನಗುತ್ತಾ ಮಗಳು ತೊಟ್ಟಿಯ ಕಡೆ ಹೋದಳು. ಬೆಳಿಗ್ಗೆ ಪಾಸಾದ ಪೀಪಾಯಿಗಳು ಆಗಲೇ ಅಲ್ಲಿಗೆ ಸೇರಿದ್ದವು.

ಗಂಡ ಹೆಂಡತಿ ನೆಲಮಾಳಿಗೆಗೆ ಇಳಿದರು. ಕೊನೆಯ ಪೀಪಾಯಿ. ಲೋಟ ಎತ್ತಿದರು, ಹೀರಿದರು. ಒಗರು, ಖಾರ, ಮತ್ತೇನೂ ಇಲ್ಲ. ಅವಳು ಅವನನ್ನೇ ದಿಟ್ಟಿಸುತ್ತಿದ್ದಳು. ಬೆಳಗಿನ ಹಾಲಿನ ಪಾತ್ರೆ ಅವನ ಕಣ್ಣಮುಂದೆ ಬಂತು. ಅವಳ ಗಲ್ಲ ತುಸು ಮೇಲೆದ್ದಂತಾಯಿತು. ಎಂದಿನಂತೆ ತಲೆಯಾಡಿಸಲು ಹೊರಟವನಿಗೆ ಮಗಳ ನಗು ನೆನಪಾಯಿತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದದ್ದು ಸಾಕು.

"ಇಲ್ಲ ಕಣೇ," ಎಂದ. ಪದ್ಧತಿ ಮುರಿದು ಹೋಯಿತು. "ನನಗೆ ವಾಸನೆಯೇ ಬರಲ್ಲ. ಆ ಜ್ವರದಲ್ಲೇ ಹೋಯ್ತು. ಇಷ್ಟು ವರ್ಷ ನಿನ್ನ ಮುಖ ನೋಡ್ಕೊಂಡೇ ತಲೆ ಆಡಿಸ್ತಾ ಬಂದೆ. ಬೈಯೋದಾದ್ರೆ ಬೈ. ಆದ್ರೆ ಇದನ್ನ ನೀನೇ ಸರಿಯಾಗಿ ನೋಡು, ಮಗಳ ಬದುಕಿನ ಪ್ರಶ್ನೆ."

ಅವಳ ಕೈಯಲ್ಲಿದ್ದ ಲೋಟ ವಾಲಿ ವೈನ್ ಸೀರೆಯ ಮೇಲೆಲ್ಲಾ ಚೆಲ್ಲಿತು. ಮೇಲೆ ತೊಟ್ಟಿಯಲ್ಲಿ ಮಗಳು ಬೆರೆಸುವ ಸದ್ದು ಕೇಳುತ್ತಿತ್ತು.

"ಅಯ್ಯೋ, ನನಗೂ ಆ ಜ್ವರದಲ್ಲೇ ಹೋಯ್ತು ಕಣ್ರೀ," ಎಂದಳು. "ನಾನು ನಿಮ್ಮ ಮುಖ ನೋಡ್ತಾ ಇದ್ದೆ."