ಇಳಿಯದ ಗೆರೆ

"ಒಂಬತ್ತು ವರ್ಷ ಕಂಪ್ಯೂಟರ್ ಮುಂದೆ ಕೂತು ಕಡಿದು ಗುಡ್ಡೆ ಹಾಕಿದ್ದು ಇದೇ ಏನಮ್ಮಾ?" ಲ್ಯಾಬಿನ ಮುಖ್ಯಸ್ಥ ಬೆನೆಡೆಕ್ ಕಾಗದವನ್ನು ಮೇಜಿಗೆ ಬಡಿದ.

ಕ್ಲಾರಾ ತಲೆ ಎತ್ತಲಿಲ್ಲ. "ನನ್ನ ಲೆಕ್ಕದ ಮಾದರಿ ಸರಿ ಇದೆ ಸರ್."

"ಸರಿ ಇದೆಯಂತೆ! ಐವತ್ತೆಂಟನೇ ನಂಬರ್ ನೋಡು. ನಲವತ್ತೊಂದನೇ ವಯಸ್ಸಲ್ಲಿ ಆ ಹೆಂಗಸಿನ ಜೀವಕೋಶ ಕೆಟ್ಟ ಪ್ರೋಟೀನನ್ನ ನಿಧಾನಕ್ಕೆ ಒಡೀತಿತ್ತು. ಈಗ ಐವತ್ತೆರಡು. ಚಕಚಕ ಒಡೀತಿದೆ. ವಯಸ್ಸಾದಂತೆ ಗ್ರಾಫಿನ ಗೆರೆ ಇಳಿಯುತ್ತೆ ಅಂದಿದ್ದೆ ನೀನು. ಅವಳೇನು ವರ್ಷ ವರ್ಷ ಹುಡುಗಿ ಆಗ್ತಿದ್ದಾಳಾ?"

ಕೆಟ್ಟ ಪ್ರೋಟೀನನ್ನು ಒಡೆದು ಚೊಕ್ಕಟ ಮಾಡಿಕೊಳ್ಳುವ ಕೋಶದ ಶಕ್ತಿ ವಯಸ್ಸಿನೊಂದಿಗೆ ಎಷ್ಟು ಕುಗ್ಗುತ್ತದೆ ಎಂದು ಮೊದಲೇ ಹೇಳುವ ಮಾದರಿ ಅದು. ಇವತ್ತು ತಪ್ಪು ಸಿಗದಿದ್ದರೆ ಅದು ಕಸಕ್ಕೆ. ಅವಳ ಕೆಲಸವೂ ಹೋದಂತೆಯೇ. ಆರು ವಾರದಿಂದ ಅವಳು ಸರಿಯಾಗಿ ಮಲಗಿರಲಿಲ್ಲ. ಇಲ್ಲಿ ಯಾರಿಗೂ ಹೆಸರು ಕೂಡ ಗೊತ್ತಿಲ್ಲದ ಅವಳ ಗಂಡ ಸೇತುವೆ ಕೆಲಸಕ್ಕೆಂದು ಸೆಗೆದ್ ಊರಿನಲ್ಲಿದ್ದ; ಈ ಭಾನುವಾರವೂ ಬುಡಾಪೆಸ್ಟಿಗೆ ಬರುವುದಿಲ್ಲ ಎಂದಿದ್ದ. ಜಗಳಾಡುವ ತ್ರಾಣವೂ ಅವಳಲ್ಲಿರಲಿಲ್ಲ.

"ಎರಡನೇ ಸಲ ಪರೀಕ್ಷೆ ಮಾಡಿದ ರಕ್ತ ಬೇರೆ ಯಾರದೋ," ಅಂದಳು.

"ಹಾಗಂತ ನಿನ್ನ ಕಂಪ್ಯೂಟರ್ ಹೇಳ್ತಾ?"

"ಹೆಸರು ತೆಗೆಸಿ ನೋಡಿ."

ಲೆಕ್ಕ ಮಾಡುವವರಿಗೆ ಸಿಗುವುದು ನಂಬರ್ ಮಾತ್ರ. ಹೆಸರಿನ ದಫ್ತರ ಬೋರಿ ಎಂಬ ಮುದುಕಿಯ ಕೈಯಲ್ಲಿ. ಬೆನೆಡೆಕ್ ಕೂಗಿದ. ಬೋರಿ ಕನ್ನಡಕ ಒರೆಸಿಕೊಳ್ಳುತ್ತ ಬಂದಳು, ಪುಟ ಮಗುಚಿದಳು.

"ಎರಡಕ್ಕೂ ಹೆಸರು ಒಂದೇ ಸರ್. ಮೊದಲನೇದು ಹನ್ನೊಂದು ವರ್ಷದ ಹಿಂದೆ ಇಲ್ಲೇ ಕೊಟ್ಟಿದ್ದು. ಎರಡನೇದು ಹೋದ ತಿಂಗಳು ಸೆಗೆದ್‌ನಿಂದ ಬಂತು. ಅದರಲ್ಲಿ ಹುಟ್ಟಿದ ತಾರೀಖೇ ಇರಲಿಲ್ಲ. ಹೆಸರು ಅದೇ ಅಲ್ವಾ ಅಂತ ಹಳೇ ಪುಟದಿಂದ ನಾನೇ ಇಳಿಸಿದೆ."

"ಹೆಸರು ಹೇಳಮ್ಮಾ ತಾಯಿ!"

"ಸೆಂಡ್ರೆಯಿ ಆಕೋಶ್‌ನೆ. ಸೆಂಡ್ರೆಯಿ ಆಕೋಶನ ಹೆಂಡತಿ, ಅಷ್ಟೇ. ಗಂಡನ ಹೆಸರಿಗೆ 'ನೆ' ಅಂತ ಒಂದು ಬಾಲ. ನಮ್ಮ ಹೆಂಗಸರಿಗೆ ಸ್ವಂತ ಹೆಸರು ಬರೆಯೋಕೆ ಅದೇನು ಭಾರವೋ!"

ಕ್ಲಾರಾ ಕೈಯಲ್ಲಿದ್ದ ಪೆನ್ನನ್ನು ಕೆಳಗಿಟ್ಟಳು.

ಬೆನೆಡೆಕ್ ನಕ್ಕ. "ಕೇಳಿಸ್ತಾ? ಒಬ್ಬ ಆಕೋಶ್, ಒಬ್ಬಳು ಹೆಂಡತಿ. ಇನ್ನೇನು ಹೇಳ್ತೀಯ?"

ಅವಳು ಕಂಪ್ಯೂಟರ್ ಆರಿಸಿದಳು. ಕೋಟು ತೊಟ್ಟಳು. ಗುಂಡಿಗಳನ್ನು ಕೆಳಗಿನಿಂದ ಮೇಲಕ್ಕೆ ಒಂದೂ ತಪ್ಪದೆ ಹಾಕಿಕೊಂಡಳು.

"ಎಲ್ಲಿಗೆ? ಮಾತು ಮುಗಿದಿಲ್ಲ!"

"ಮಾದರಿ ಸರಿ ಇದೆ ಅಂತ ಬರೆದುಕೊಳ್ಳಿ ಸರ್. ಇನ್ನು ನಾನು ಬರಲ್ಲ." ಬಾಗಿಲು ದಾಟುವಾಗಲೂ ಅವಳು ಹಿಂದಿರುಗಿ ನೋಡಲಿಲ್ಲ. "ಅವರು ಇಬ್ಬರು ಹೆಂಗಸರು. ಮೊದಲನೆಯವಳು ನಾನು."