ಮೊಣಕೈಯ ಮಚ್ಚೆ

ಕುಷ್ಠರೋಗ ಪತ್ತೆಗೆಂದು ಮನೆಮನೆ ಸುತ್ತುತ್ತಿದ್ದ ಆಶಾ ಕಾರ್ಯಕರ್ತೆ ಸಾಕಮ್ಮನನ್ನು ಪಂಕಜಾಕ್ಷಮ್ಮ ಹೊಸ್ತಿಲಾಚೆಯೇ ನಿಲ್ಲಿಸಿದಳು.

"ದಿನಾ ಎರಡು ಸಲ ಸ್ನಾನ ಮಾಡೋ ಮನೆ ಇದು. ಅಂಥ ರೋಗ ಬೇಕಿದ್ರೆ ಹಿಂದಿನ ಗುಡಿಸಲುಗಳಲ್ಲಿ ಹುಡುಕು, ಹೋಗು."

"ನಿಮ್ಮ ಮೊಣಕೈ ಹತ್ರ ಬಿಳಿಚಿದ ಮಚ್ಚೆ ಇದೆಯಲ್ಲಮ್ಮಾ?"

"ಅದು ಬಿಸಿಲಿಗೆ ಆಗಿದ್ದು. ನಿನಗೇನು ಗೊತ್ತು?"

"ಒಂದೇ ನಿಮಿಷ ಅಮ್ಮಾ. ಕುಷ್ಠದ ಮಚ್ಚೆಯಾದ್ರೆ ಮುಟ್ಟಿದ್ದು ಗೊತ್ತಾಗಲ್ಲ. ನೀವು ಕಣ್ಣು ಮುಚ್ಚಿಕೊಳ್ಳಿ, ಪೆನ್ನಿನ ತುದಿ ತಾಗಿದ ಕೂಡ್ಲೇ ಹೇಳಿ."

ಪಂಕಜಾಕ್ಷಮ್ಮ ಮೂಗು ಮುರಿಯುತ್ತಲೇ ಕಣ್ಣು ಮುಚ್ಚಿ ಕೈ ಚಾಚಿದಳು. ಸ್ವಲ್ಪ ಹೊತ್ತಿಗೇ ರೇಗಿದಳು.

"ನಮ್ಮಂಥವರನ್ನ ಮುಟ್ಟೋಕೆ ಕೈ ನಡುಗುತ್ತಾ? ಎಷ್ಟೊತ್ತು ಕಾಯಿಸ್ತೀಯೇ, ಬೇಗ ಶುರು ಮಾಡು!"

ಸಾಕಮ್ಮ ಆ ಮಚ್ಚೆಯ ಮೇಲೆ ಪೆನ್ನಿನ ತುದಿಯನ್ನು ಐದನೇ ಸಲ ಒತ್ತಿದಳು.