ಹಾಡಿಸುವ ಕೋಣೆ

“ಬಾಗಲಾ ಮುಂದ ಮಾಡು,” ಎಂದಳು ಗಂಗಾಂಬಿಕಾ. ಶೈಲಾ ಬಾಗಿಲು ಮುಚ್ಚಿದಳು. ಪಡಸಾಲೆಯ ಗದ್ದಲ ಕಡಿದು ಹೋಯಿತು.

ಹುಡುಗನ ಮನೆ ನೋಡಲು ಶೈಲಾಳ ಮನೆಯವರು ಬನವಾಸಿಯಿಂದ ದಾಸನಕೊಪ್ಪಕ್ಕೆ ಬಂದಿದ್ದರು. ಮನೆ ನೋಡಲು ಹೋಗುವವರು ಹಿರಿಯರು. ಹುಡುಗಿ ಹೋಗುವ ರೂಢಿಯಿಲ್ಲ. ಶೈಲಾ ಹಟ ಹಿಡಿದಳು. ಚಿಗವ್ವ ಗಂಗಾಂಬಿಕಾ ಒಪ್ಪಿದ್ದು ಒಂದೇ ಷರತ್ತಿನ ಮೇಲೆ: ಹುಡುಗನೊಡನೆ ತುಟಿ ಬಿಚ್ಚಬಾರದು. ಶೈಲಾಳ ಮೊಬೈಲ್ ಕೂಡ ವಾರದಿಂದ ಚಿಗವ್ವನ ಚೀಲದಲ್ಲೇ ಇತ್ತು.

ಹುಡುಗ ಗಿರೀಶ ತಾನು ಹಾಡು ರೆಕಾರ್ಡ್ ಮಾಡುವ ಕೋಣೆ ತೋರಿಸಿದ. ಕೌದಿ ಹೊದಿಸಿದ ಗೋಡೆಗಳು, ಒಂದು ಗೋಡೆಗೆ ತಾಗಿಸಿಟ್ಟ ಕಂಪ್ಯೂಟರ್, ನಡುವೆ ಸ್ವಿಚ್ಚಿದ್ದ ಮೈಕು.

“ಹಾಡ್ಸೂದೂ ಇಲ್ಲೇ, ಮಿಕ್ಸಿಂಗ್ ಮಾಡೂದೂ ಇಲ್ಲೇರಿ. ಒಂದ ಕೋಣಿ ನೋಡ್ರಿ, ಮೈಕ್ ಚಾಲೂ ಇದ್ದಾಗ ಸ್ಪೀಕರ್ ಬಂದ್ ಮಾಡ್ಬೇಕು. ಇಲ್ಲಾಂದ್ರ ಕುಂಯ್ ಅಂತೈತಿ. ಹೆಡ್‌ಫೋನೇ ಗತಿ.”

ಸಂಜೆಯೊಳಗೆ ಒಂದು ಭಜನೆ ಕಳಿಸಬೇಕಿತ್ತು. “ಚೂರು ಕುಂದರ್ರಿ” ಎಂದು ಹೆಡ್‌ಫೋನ್ ಹಾಕಿ ಬೆನ್ನು ತಿರುಗಿಸಿ ಕುಳಿತ. ಮೊದಲು ಹೆಣ್ಣಿನ ಕಡೆಯಿಂದ ಬಂದ ಎರಡು ಮನೆಯವರು ಈ ಕೋಣೆ ಕಂಡೇ, ಇದೂ ಒಂದು ಉದ್ಯೋಗವೇ ಎಂದು ಸಂಬಂಧ ಬಿಟ್ಟಿದ್ದರು. ಅವನ ಮೊಣಕಾಲು ಅಲುಗುತ್ತಲೇ ಇತ್ತು.

“ತಲಿ ಮ್ಯಾಗ ಕೂದಲಾ ಕಮ್ಮಿ ಅದಾವು,” ಎಂದಳು ಗಂಗಾಂಬಿಕಾ, ಜೋರಾಗಿಯೇ. ಗಿರೀಶ ತಿರುಗಲಿಲ್ಲ. “ಕಿವುಡ ಕುಂತಂಗ ಕುಂತಾನ. ಚಲೋನ ಆತು.”

ಶೈಲಾ ಎದ್ದು ಮೈಕಿನ ಹತ್ತಿರ ಹೋದಳು. ಅದರ ಮೇಲೆ ಕೈಯಾಡಿಸಿದಳು.

“ಮುಟ್ಟಬ್ಯಾಡ, ಕೆಡಸಿಗಿಡಸೀ!”

“ಇಲ್ಲಿ ಬಾ ಚಿಗವ್ವ. ನಾ ಒಲ್ಲೆ ಅಂದದ್ದು ಇವ್ರಿಗೆ ಗೊತ್ತೈತೇನು?”

ಗಂಗಾಂಬಿಕಾ ದಡದಡನೆ ಬಂದಳು. “ಮತ್ತ ಶುರು ಹಚ್ಚಿದೆಲ್ಲ! ಹುಡುಗಿ ಕುಣೀತಾ ಒಪ್ಪ್ಯಾಳ ಅಂತ ಹೇಳೇವಿ.”

“ಬಿ.ಇಡಿ. ಸೇರಾಕ ಇದ ಕಡೀ ವಾರ.”

“ಅದಕ್ಕ ಇವತ್ತ ಎಲಿ ಅಡಿಕಿ ಹಿಡಸ್ತೀವಿ. ಮಾತು ಆತಂದ್ರ ಎಲ್ಲಿ ಹೊಕ್ಕಿ?”

“ಮದುವಿ ಆದ ಮ್ಯಾಲ ಇವ್ರ ಓದಸ್ತಾರ ಅಂದಿದ್ದಿ?”

“ಅವರನ್ನ ಯಾರು ಕೇಳ್ಯಾರ! ನೀ ಬಾಯಿ ಮುಚ್ಕೊಂಡಿರ್ಲಿ ಅಂತ ಅಂದೆ.”

“ಇವ್ರಿಗೆ ಗೊತ್ತಾದ್ರ?”

“ನೀ ಹೇಳದಿದ್ರ ಹೆಂಗ ಗೊತ್ತಾಕ್ಕೈತಿ?”

ಗಿರೀಶನ ಮೊಣಕಾಲು ನಿಂತಿತ್ತು. ಭಜನೆ ಚೆನ್ನಾಗಿ ಬಂದಿರಬೇಕು ಎಂದುಕೊಂಡು ಗಂಗಾಂಬಿಕಾ ಹುಡುಗಿಯನ್ನು ಹೊರಗೆ ಎಳೆದೊಯ್ದಳು.

ಪಡಸಾಲೆಗೆ ಎಲೆ ಅಡಿಕೆಯ ತಟ್ಟೆ ಬಂತು. ಗಿರೀಶನ ತಂದೆ ದ್ಯಾಮಪ್ಪ ಅದನ್ನು ಎತ್ತಿಕೊಂಡ. ಅಷ್ಟರಲ್ಲಿ ಗಿರೀಶ ಬಂದು ಅಪ್ಪನ ಕೈ ತಡೆದ. ಅವನ ಮುಖ ಬಾಡಿತ್ತು.

“ಬ್ಯಾಡಪ್ಪಾ. ಅವ್ರಿಗೆ ಮನಸ್ಸಿಲ್ಲ. ಓದ್ಬೇಕಂತ. ಓದ್ಲಿ ಬಿಡು.”

ಬನವಾಸಿಯವರು ಮುಖ ಮುಖ ನೋಡಿಕೊಂಡರು. ಗಂಗಾಂಬಿಕಾ ಶೈಲಾಳ ರಟ್ಟೆ ಹಿಡಿದು ಮುಂದೆ ತಳ್ಳಿದಳು. “ಇಕಿ ನಿನ್ನ ಕೂಡ ಒಂದ ಮಾತಾಡಿಲ್ಲ! ಯಾರ ಹೇಳಿದ್ರು ನಿನಗ?”

“ನೀವ ಹೇಳಿದ್ರೆಲ್ಲ ಅಕ್ಕಾರ, ಮೈಕಿನ ಮುಂದ ನಿಂತು. ಹೆಡ್‌ಫೋನಿನ್ಯಾಗ ಎಲ್ಲಾ ಕೇಳ್ತು. ಮೈಕ್ ಬಂದ್ ಮಾಡೂದು ನಾ ಮರ್ತಿದ್ದೆ.”

ಅವನು ಮರೆತಿರಲಿಲ್ಲ, ಚಾಲೂ ಮಾಡಿದವಳು ಶೈಲಾ.